ಸಹಾಯಾರ್ಥ ಗೀತೆ ಮತ್ತು ಸಂಗೀತ ಚಿಕಿತ್ಸೆ: ಸರಾಯೆವೊದಿಂದ ಮೊಸ್ತಾರ್‌ವರೆಗೆ

ಪೀಠಿಕೆ

ಹಾಡನ್ನು ಅದರ ಸಂದರ್ಭದಿಂದ ಬೇರ್ಪಡಿಸಿ ನೋಡಬಾರದೆಂಬ ತಿಳಿವಳಿಕೆ ಜಾನಪದ ಅಧ್ಯಯನದಲ್ಲಿ ಈಗ ಗಟ್ಟಿಯಾಗಿ ನೆಲೆಗೊಂಡಿದೆ. ಯಾರು ಹಾಡುತ್ತಾರೆ, ಯಾರ ಎದುರು ಹಾಡುತ್ತಾರೆ, ಹಾಡಿಗೆ ಪ್ರತಿಯಾಗಿ ಏನು ಸಲ್ಲುತ್ತದೆ ಎಂಬ ಪ್ರಶ್ನೆಗಳನ್ನು ನಾವು ಬೀಸುವ ಪದಕ್ಕೂ ಕೇಳುತ್ತೇವೆ, ಕಂಸಾಳೆಯವರ ಮಹಾಕಾವ್ಯಕ್ಕೂ ಕೇಳುತ್ತೇವೆ. ಆದರೆ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ರೂಪುಗೊಂಡು ಜಗತ್ತಿನಾದ್ಯಂತ ಹರಡಿದ ಒಂದು ಪ್ರಕಾರವನ್ನು ಈ ಪ್ರಶ್ನೆಗಳ ಮುಂದೆ ನಿಲ್ಲಿಸಿದ್ದು ಕಡಿಮೆ. ಹಲವು ದೇಶಗಳ ಸಂಗೀತಗಾರರು ಕೂಡಿ, ಸಂಭಾವನೆಯನ್ನು ಬದಿಗಿಟ್ಟು, ಸಂಕಟದಲ್ಲಿರುವ ಜನರಿಗಾಗಿ ಹಾಡಿ ಹಣ ಕೂಡಿಸುವ ‘ಸಹಾಯಾರ್ಥ ಗೀತೆ’ಯೇ ಆ ಪ್ರಕಾರ. ಹಾಗೆ ಕೂಡಿಸಿದ ಹಣ ಅನ್ನಕ್ಕೋ ಔಷಧಕ್ಕೋ ಹೋಗದೆ ಮತ್ತೆ ಸಂಗೀತಕ್ಕೇ, ಅಂದರೆ ಸಂಗೀತ ಚಿಕಿತ್ಸೆಗೇ ಸಂದಾಗ ಪ್ರಶ್ನೆ ಇನ್ನಷ್ಟು ತೊಡಕಾಗುತ್ತದೆ. ಅಲ್ಲಿ ಒಂದು ಬಗೆಯ ಸಂಗೀತವು ಮತ್ತೊಂದು ಬಗೆಯ ಸಂಗೀತವನ್ನು ಸಲಹುತ್ತದೆ. ಈ ಎರಡೂ ಒಂದೇ ತತ್ತ್ವದ ಮೇಲೆ ನಿಂತಿವೆಯೇ? 1995ರ ‘ಮಿಸ್ ಸರಾಯೆವೊ’ ಗೀತೆಯನ್ನೂ 1997ರಲ್ಲಿ ಬೊಸ್ನಿಯಾದ ಮೊಸ್ತಾರ್ ನಗರದಲ್ಲಿ ತೆರೆದ ಪವರೊಟ್ಟಿ ಸಂಗೀತ ಕೇಂದ್ರವನ್ನೂ ಮುಂದಿಟ್ಟುಕೊಂಡು ಇದನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪ್ರಕಾರದ ಸ್ವರೂಪ

ಈ ಪ್ರಕಾರದ ಮೊದಲ ದೊಡ್ಡ ನಿದರ್ಶನದಲ್ಲಿ ಭಾರತೀಯರ ಪಾತ್ರವೇ ಮುಖ್ಯವಾದುದು. 1971ರ ಆಗಸ್ಟ್ 1ರಂದು ನ್ಯೂಯಾರ್ಕಿನಲ್ಲಿ ನಡೆದ ಬಾಂಗ್ಲಾದೇಶ ಸಹಾಯಾರ್ಥ ಕಚೇರಿಗೆ ಪ್ರೇರಣೆ ಪಂಡಿತ್ ರವಿಶಂಕರ್ ಅವರದು. ಅದನ್ನು ಸಾಧ್ಯವಾಗಿಸಿದವರು ಜಾರ್ಜ್ ಹ್ಯಾರಿಸನ್. ಕಚೇರಿ ಆರಂಭವಾದದ್ದು ಬಂಗಾಳದ ಜನಪದ ಮಟ್ಟನ್ನು ಆಧರಿಸಿದ ‘ಬಾಂಗ್ಲಾ ಧುನ್’ನಿಂದ. ರವಿಶಂಕರ್, ಅಲಿ ಅಕ್ಬರ್ ಖಾನ್, ಅಲ್ಲಾ ರಖಾ ಅದನ್ನು ನುಡಿಸಿದರು. ಅಂದರೆ ಸಂಕಟಕ್ಕೆ ಒಳಗಾದ ನೆಲದ ನಾದವೇ ಸಭೆಯಲ್ಲಿ ಮೊದಲು ಮಾತನಾಡಿತು. ರಾಕ್ ಸಂಗೀತಗಾರರ ಸರದಿ ಅನಂತರದ್ದು.

1984ರಲ್ಲಿ ಇಥಿಯೋಪಿಯಾದ ಕ್ಷಾಮಕ್ಕಾಗಿ ಲಂಡನ್ನಿನಲ್ಲಿ ಧ್ವನಿಮುದ್ರಿತವಾದ ಬ್ಯಾಂಡ್ ಏಡ್ ಗೀತೆ ಮತ್ತು 1985ರ ಅಮೆರಿಕದ ‘ವಿ ಆರ್ ದ ವರ್ಲ್ಡ್’ ಗೀತೆಗಳಲ್ಲಿ ಈ ಕ್ರಮ ಉಳಿಯಲಿಲ್ಲ. ಇವುಗಳ ಶೀರ್ಷಿಕೆಗಳಲ್ಲಿರುವ ಸರ್ವನಾಮಗಳನ್ನೇ ಗಮನಿಸಬಹುದು. ಮೊದಲನೆಯದು ಕ್ರಿಸ್‌ಮಸ್ ಬಂದಿರುವುದು ‘ಅವರಿಗೆ’ ಗೊತ್ತೇ ಎಂದು ಕೇಳುತ್ತದೆ. ಕ್ರಿಸ್ತಪೂಜೆಯ ಪರಂಪರೆ ನಾಲ್ಕನೆಯ ಶತಮಾನದಿಂದಲೂ ಇರುವ ನಾಡಿನ ಕುರಿತು ಎತ್ತಿದ ಪ್ರಶ್ನೆ ಅದು. ಎರಡನೆಯದರಲ್ಲಿ ಹಾಡುವವರೇ ‘ನಾವು’, ಹಾಡುವವರೇ ಜಗತ್ತು. ಎರಡರಲ್ಲಿಯೂ ನೆರವು ಪಡೆಯುವವರ ದನಿಗೆ ಜಾಗವಿಲ್ಲ. ಈ ಗೀತೆಗಳು ಕೂಡಿಸಿದ ನೆರವನ್ನು ಅಲ್ಲಗಳೆಯುವುದು ಇಲ್ಲಿನ ಉದ್ದೇಶವಲ್ಲ. ಪ್ರಕಾರದ ರಚನೆಯೊಳಗೆ ಅಡಗಿರುವ ಸಂಬಂಧವನ್ನು ಗುರುತಿಸುವುದಷ್ಟೇ ಇಲ್ಲಿ ಮುಖ್ಯ.

ಆ ಸಂಬಂಧವನ್ನು ನಮ್ಮ ವೃತ್ತಿಗಾಯಕ ಪರಂಪರೆಗಳ ಜೊತೆ ಇಟ್ಟು ನೋಡಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ದೇವರ ಗುಡ್ಡರಾಗಲಿ, ನೀಲಗಾರರಾಗಲಿ, ಕಿನ್ನರಿ ಜೋಗಿಗಳಾಗಲಿ ಮನೆಯ ಮುಂದೆ ನಿಂತು ಹಾಡುತ್ತಾರೆ. ಮನೆಯವರು ಮೊರದಲ್ಲಿ ಧಾನ್ಯ ತಂದು ನೀಡುತ್ತಾರೆ. ಹಾಡಿದವರು ಹರಸಿ ಮುಂದಿನ ಮನೆಗೆ ಹೋಗುತ್ತಾರೆ. ಇಲ್ಲಿ ಇರುವುದು ಎರಡು ಪಕ್ಷ, ಮುಖಾಮುಖಿ ವಿನಿಮಯ. ಕೊಡುಗೆಯು ಮರುಕೊಡುಗೆಯ ಹೊಣೆಯನ್ನು ಹೊತ್ತೇ ಬರುತ್ತದೆ ಎಂದು ಫ್ರೆಂಚ್ ಮಾನವಶಾಸ್ತ್ರಜ್ಞ ಮಾರ್ಸೆಲ್ ಮೋಸ್ 1925ರಲ್ಲಿ ಪ್ರಕಟವಾದ ತನ್ನ ಪ್ರಸಿದ್ಧ ಪ್ರಬಂಧದಲ್ಲಿ ಪ್ರತಿಪಾದಿಸಿದ್ದು ಇಂಥ ವಿನಿಮಯಗಳನ್ನು ಆಧರಿಸಿಯೇ. ನಮ್ಮ ಹಳ್ಳಿಗಳ ಮುಯ್ಯಿಯ ತತ್ತ್ವವೂ ಅದೇ. ಸಹಾಯಾರ್ಥ ಗೀತೆಯಲ್ಲಾದರೋ ಮೂರು ಪಕ್ಷಗಳಿವೆ: ಹಾಡುವವರು, ಕೊಳ್ಳುವವರು, ನೆರವು ಪಡೆಯುವವರು. ಮೂರನೆಯವರು ಹಾಡನ್ನು ಕೇಳಿಯೇ ಇರದಿರಬಹುದು. ಅವರು ಕೊಟ್ಟವರನ್ನು ಹರಸುವ ಸ್ಥಾನದಲ್ಲಿಯೂ ಇಲ್ಲ, ಮುಯ್ಯಿ ತೀರಿಸುವ ಸ್ಥಾನದಲ್ಲಿಯೂ ಇಲ್ಲ. ಹೀಗಾಗಿ ಈ ಪ್ರಕಾರದ ಯಾವುದೇ ಕೃತಿಯನ್ನು ಬೆಲೆಗಟ್ಟುವಾಗ ಮೂರನೆಯ ಪಕ್ಷಕ್ಕೆ ಅದು ಯಾವ ಸ್ಥಾನ ಕೊಟ್ಟಿದೆ ಎಂಬುದೇ ಮೊದಲ ಒರೆಗಲ್ಲಾಗಬೇಕು.

‘ಮಿಸ್ ಸರಾಯೆವೊ’: ಪ್ರಶ್ನೆಯ ರೂಪ

ಬೊಸ್ನಿಯಾದ ರಾಜಧಾನಿ ಸರಾಯೆವೊ 1992ರ ಏಪ್ರಿಲಿನಿಂದ 1996ರ ಫೆಬ್ರುವರಿಯವರೆಗೆ ಮುತ್ತಿಗೆಯಲ್ಲಿತ್ತು. ಬೆಟ್ಟಗಳಿಂದ ಗುಂಡು ಸುರಿಯುತ್ತಿದ್ದ 1993ರಲ್ಲಿ ಅಲ್ಲಿನ ಜನ ಒಂದು ಸೌಂದರ್ಯ ಸ್ಪರ್ಧೆ ನಡೆಸಿದರು. ಸ್ಪರ್ಧಿಗಳು ತಮ್ಮನ್ನು ಕೊಲ್ಲಲು ಬಿಡಬೇಡಿ ಎಂಬ ಅರ್ಥದ ಇಂಗ್ಲಿಷ್ ಫಲಕವನ್ನು ಹಿಡಿದು ವೇದಿಕೆಯ ಮೇಲೆ ನಿಂತರು. ಹಬ್ಬದ ಮತ್ತು ಅಣಕದ ರೂಪಗಳನ್ನು ಸಾವಿನ ಎದುರು ಹೂಡಿದ ಈ ಪ್ರದರ್ಶನವನ್ನು ಜಾನಪದ ವಿದ್ವಾಂಸರು ಸಮುದಾಯದ ಪ್ರತಿರೋಧದ ಅಭಿವ್ಯಕ್ತಿ ಎಂದೇ ಓದಬೇಕು. ಇದನ್ನು ಒಳಗೊಂಡ ಸಾಕ್ಷ್ಯಚಿತ್ರವನ್ನು ಅಮೆರಿಕದ ಬಿಲ್ ಕಾರ್ಟರ್ ತಯಾರಿಸಿದರು. ಅದರಿಂದ ಹುಟ್ಟಿದ್ದು ‘ಮಿಸ್ ಸರಾಯೆವೊ’.

ಐರ್ಲೆಂಡಿನ ಯು-2 ತಂಡ, ಇಂಗ್ಲೆಂಡಿನ ಬ್ರಯಾನ್ ಈನೊ, ಇಟಲಿಯ ಒಪೆರಾ ಗಾಯಕ ಲೂಚಾನೊ ಪವರೊಟ್ಟಿ ಇದರಲ್ಲಿ ಕೂಡಿದರು. ‘ಪ್ಯಾಸೆಂಜರ್ಸ್’ ಎಂಬ ಹೆಸರಿನಲ್ಲಿ ಈ ಗೀತೆ ಹೊರಬಂತು. 1995ರ ಸೆಪ್ಟೆಂಬರ್ 12ರಂದು ಮೊದೆನಾದಲ್ಲಿ ಬೊಸ್ನಿಯಾದ ಮಕ್ಕಳಿಗಾಗಿ ನಡೆದ ಕಚೇರಿಯಲ್ಲಿ ಅದನ್ನು ಹಾಡಲಾಯಿತು. ನವೆಂಬರಿನಲ್ಲಿ ಧ್ವನಿಮುದ್ರಿಕೆಯಾಗಿ ಬಂತು. ಆದಾಯ ‘ವಾರ್ ಚೈಲ್ಡ್’ ಸಂಸ್ಥೆಗೆ ಮೀಸಲಾಯಿತು. ಯುಗೊಸ್ಲಾವಿಯಾದ ಯುದ್ಧವನ್ನು ಕಂಡುಬಂದ ಇಬ್ಬರು ಬ್ರಿಟಿಷ್ ಚಲನಚಿತ್ರಕಾರರು 1993ರಲ್ಲಿ ಕಟ್ಟಿದ ಸಂಸ್ಥೆ ಅದು. ಅದೇ 1995ರ ಸೆಪ್ಟೆಂಬರ್ 4ರಂದು ಒಂದೇ ದಿನದಲ್ಲಿ ಧ್ವನಿಮುದ್ರಿತವಾದ ‘ಹೆಲ್ಪ್’ ಎಂಬ ಗೀತಸಂಪುಟವೂ ಈ ಸಂಸ್ಥೆಗಾಗಿ ಹಣ ಕೂಡಿಸಿತು.

ಗೀತೆಯ ರಚನೆಯಲ್ಲಿ ಎರಡು ಅಂಶಗಳು ಮುಖ್ಯ. ಮೊದಲನೆಯದು, ಇಂಗ್ಲಿಷ್ ಭಾಗವು ಬಹುಮಟ್ಟಿಗೆ ಪ್ರಶ್ನೆಗಳ ಮಾಲೆ. ಯಾವುದಕ್ಕೆ ಯಾವ ಹೊತ್ತು ತಕ್ಕದ್ದು ಎಂದು ಅದು ಕೇಳುತ್ತ ಹೋಗುತ್ತದೆ. ಗುರುತರವಾದ ಸಂಗತಿಗಳ ಪಕ್ಕದಲ್ಲಿಯೇ ಅಲಂಕಾರ, ಕೇಶವಿನ್ಯಾಸಗಳಂಥ ಲಘು ಸಂಗತಿಗಳೂ ಬರುತ್ತವೆ. 1980ರ ದಶಕದ ಗೀತೆಗಳ ಘೋಷಣಾತ್ಮಕ ಧಾಟಿ ಇಲ್ಲಿಲ್ಲ. ಕೇಳುಗನನ್ನು ದಾನಿಯ ಪೀಠದಲ್ಲಿ ಕೂರಿಸುವ ಬದಲು ಅವನಿಗೆ ಉತ್ತರ ತಿಳಿಯದ ಪ್ರಶ್ನೆಗಳನ್ನು ಎದುರಿಗಿಡುತ್ತದೆ. ಸ್ಥಳೀಯರ ಕ್ರಿಯೆಯೇ ಗೀತೆಯ ವಸ್ತು. ಅವರನ್ನು ದೀನರನ್ನಾಗಿ ಚಿತ್ರಿಸಿಲ್ಲ. ಇದು ಈ ಪ್ರಕಾರದಲ್ಲಿ ಅಪರೂಪದ ಗುಣ.

ಎರಡನೆಯದು, ಗೀತೆಯ ಭಾಷೆಗಳು ಇಂಗ್ಲಿಷ್ ಮತ್ತು ಇಟಾಲಿಯನ್ ಮಾತ್ರ. ಬೊಸ್ನಿಯಾದ ದನಿಯಿಲ್ಲ, ಅಲ್ಲಿನ ವಾದ್ಯವಿಲ್ಲ, ಮಟ್ಟಿಲ್ಲ. ಇದನ್ನು ಕೊರತೆ ಎನ್ನುವುದು ಸುಲಭ. ಆದರೆ ಇದರ ಎದುರಿಗೆ ಮತ್ತೊಂದು ಉದಾಹರಣೆಯನ್ನು ಇಟ್ಟು ನೋಡುವುದು ನ್ಯಾಯ. ಸ್ವಿಸ್ ಮೂಲದ ಸಂಗೀತಶಾಸ್ತ್ರಜ್ಞ ಹ್ಯೂಗೊ ಜೆಂಪ್ ಸೊಲೊಮನ್ ದ್ವೀಪಗಳಲ್ಲಿ ಅಫುನಾಕ್ವಾ ಎಂಬ ಮಹಿಳೆಯಿಂದ ಒಂದು ಜೋಗುಳವನ್ನು ಧ್ವನಿಮುದ್ರಿಸಿದ್ದರು. ತಬ್ಬಲಿಯಾದ ಎಳೆಯ ತಮ್ಮನನ್ನು ಸಂತೈಸುವ ಹಾಡು ಅದು. 1992ರಲ್ಲಿ ಫ್ರಾನ್ಸಿನ ‘ಡೀಪ್ ಫಾರೆಸ್ಟ್’ ತಂಡ ಆ ದನಿಯನ್ನೇ ಎತ್ತಿ ‘ಸ್ವೀಟ್ ಲಲಬೈ’ ಎಂಬ ಜನಪ್ರಿಯ ಗೀತೆಯನ್ನಾಗಿಸಿತು. ಗೀತಸಂಪುಟದಲ್ಲಿ ಮಧ್ಯ ಆಫ್ರಿಕದ ಪಿಗ್ಮಿಗಳ ಸಹಾಯನಿಧಿಗೆ ಬೆಂಬಲ ಕೋರಲಾಗಿತ್ತು. ಶಾಂತಸಾಗರದ ಆ ಗಾಯಕಿಗೆ ಮನ್ನಣೆ ಇರಲಿಲ್ಲ. 1996ರಲ್ಲಿ ನಾರ್ವೆಯ ಯಾನ್ ಗರ್ಬಾರೆಕ್ ಅದೇ ಮಟ್ಟನ್ನು ಪಿಗ್ಮಿಗಳ ಜೋಗುಳವೆಂದೇ ಹೆಸರಿಸಿ ನುಡಿಸಿದರು. ಈ ಇಡೀ ಪ್ರಕರಣವನ್ನು ಸ್ಟೀವನ್ ಫೆಲ್ಡ್ 2000ದಲ್ಲಿ ಪ್ರಕಟಿಸಿದ ಲೇಖನದಲ್ಲಿ ವಿವರವಾಗಿ ಬಿಡಿಸಿಟ್ಟಿದ್ದಾರೆ. ಪರರ ದನಿಯನ್ನು ಹೀಗೆ ಕಿತ್ತುತಂದು ಸಹಾಯದ ಹೆಸರು ಹಚ್ಚುವುದಕ್ಕಿಂತ ತನ್ನದೇ ದನಿಯಲ್ಲಿ ದೂರದಿಂದ ಕೇಳುವುದು ಹೆಚ್ಚು ಪ್ರಾಮಾಣಿಕ. ‘ಮಿಸ್ ಸರಾಯೆವೊ’ದ ಮೌನವನ್ನು ಸಂಯಮವೆಂದೂ ಓದಲು ಸಾಧ್ಯ. ಆದರೆ ಆ ಮೌನದ ಹಿಂದೆ ಇದ್ದುದೇನು ಎಂಬುದನ್ನು ತಿಳಿಯದೆ ವಿಮರ್ಶೆ ಪೂರ್ಣವಾಗದು.

ಸೆವ್ದಾಹ್: ಹಾಡು ಮತ್ತು ವ್ಯಾಧಿಯ ನಂಟು

ಬೊಸ್ನಿಯಾದ ನಗರಗಳಲ್ಲಿ ಬೆಳೆದ ಜನಪದ ಗೀತಪ್ರಕಾರ ‘ಸೆವ್ದಾಲಿಂಕಾ’. ನಿಧಾನಗತಿಯ, ಎಳೆದು ಹಾಡುವ, ಈಡೇರದ ಪ್ರೀತಿಯನ್ನೂ ಹಂಬಲವನ್ನೂ ಹೇಳುವ ಹಾಡು ಇದು. ಹಿಂದೆ ಸಾಜ್ ಎಂಬ ತಂತಿವಾದ್ಯ ಇದಕ್ಕೆ ಜೊತೆಯಾಗುತ್ತಿತ್ತು. ಅನಂತರ ಅಕಾರ್ಡಿಯನ್ ಬಂತು. 2024ರಲ್ಲಿ ಯುನೆಸ್ಕೊ ಇದನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಹೆಸರಿನ ಮೂಲವಾದ ‘ಸೆವ್ದಾಹ್’ ತುರ್ಕಿಯಿಂದ ಬಂದ ಪದ; ಅಲ್ಲಿ ಅದರ ಅರ್ಥ ಪ್ರೇಮ. ಅದರ ಹಿಂದಿರುವುದು ‘ಕಪ್ಪು ಪಿತ್ತ’ ಎಂಬ ಅರ್ಥದ ಅರಬ್ಬಿ ಪದ. ಗ್ರೀಕ್-ಅರಬ್ ವೈದ್ಯಪದ್ಧತಿಯಲ್ಲಿ ಕಪ್ಪು ಪಿತ್ತದ ಉಲ್ಬಣವೇ ವಿಷಾದಕ್ಕೆ ಕಾರಣ. ಬೆಂಗಳೂರಿನಲ್ಲಿ ಇಂದಿಗೂ ಕಲಿಸಲಾಗುವ ಯುನಾನಿ ವೈದ್ಯದ ‘ಸೌದಾ’ ಎಂಬ ಪಾರಿಭಾಷಿಕ ಪದ ಇದೇ ಬೇರಿನದು. ವ್ಯಾಧಿಯ ಹೆಸರೇ ಹಾಡಿನ ಹೆಸರಾಗಿರುವುದು ಕೇವಲ ಭಾಷಾಶಾಸ್ತ್ರದ ಕುತೂಹಲವಲ್ಲ. ದುಃಖವನ್ನು ಹಾಡಿ ಹೊರಹಾಕುವ ಒಂದು ತಿಳಿವಳಿಕೆ ಆ ಸಮಾಜದಲ್ಲಿ ಮೊದಲೇ ಇತ್ತೆಂಬುದಕ್ಕೆ ಅದು ಸೂಚನೆ.

ಒಟ್ಟೊಮನ್ ಜಗತ್ತಿನಲ್ಲಿ ಇದಕ್ಕೆ ಸಾಂಸ್ಥಿಕ ರೂಪವೂ ಇತ್ತು. ಎದಿರ್ನೆಯಲ್ಲಿ ಸುಲ್ತಾನ ಎರಡನೆಯ ಬಾಯೆಜಿದ್ 1488ರಲ್ಲಿ ಕಟ್ಟಿಸಿದ ಆಸ್ಪತ್ರೆಯಲ್ಲಿ ಹತ್ತು ಮಂದಿ ಗಾಯಕ-ವಾದಕರು ವಾರಕ್ಕೆ ಮೂರು ಬಾರಿ ರೋಗಿಗಳಿಗಾಗಿ ಹಾಡಿ ನುಡಿಸುತ್ತಿದ್ದುದನ್ನು ಹದಿನೇಳನೆಯ ಶತಮಾನದ ಪ್ರವಾಸಿ ಎವ್ಲಿಯಾ ಚೆಲೆಬಿ ದಾಖಲಿಸಿದ್ದಾನೆ. ಆಧುನಿಕ ಕಾಲದ ನಿದರ್ಶನವೂ ಉಂಟು. ಮೊಸ್ತಾರ್‌ನಲ್ಲಿಯೇ 1927ರಲ್ಲಿ ಹುಟ್ಟಿದ ಹಿಮ್ಜೊ ಪೊಲೊವಿನಾ ಸೆವ್ದಾಲಿಂಕಾದ ಮೇರು ಗಾಯಕರಲ್ಲೊಬ್ಬರು. ವೃತ್ತಿಯಿಂದ ನರಮನೋರೋಗ ತಜ್ಞರು. ಹೀಗೆ ಸಂಗೀತ ಚಿಕಿತ್ಸೆ ಎಂಬುದು ಲಂಡನ್ನಿನಿಂದ ಮೊಸ್ತಾರ್‌ಗೆ ಮೊದಲ ಬಾರಿಗೆ ಒಯ್ದ ವಿದ್ಯೆ ಎಂಬ ಭಾವನೆ ಚಾರಿತ್ರಿಕವಾಗಿ ನಿಲ್ಲುವುದಿಲ್ಲ. ಅಲ್ಲಿಗೆ ಹೊಸದಾಗಿ ಬಂದದ್ದು ವೃತ್ತಿಪರ ತರಬೇತಿ ಮತ್ತು ವಿಧಾನ.

ಮೊಸ್ತಾರ್‌ನ ಕೇಂದ್ರ

ಮೊಸ್ತಾರ್ ತನ್ನ ಹಳೆಯ ಸೇತುವೆಗೆ ಹೆಸರಾದ ನಗರ. 1566ರಲ್ಲಿ ಪೂರ್ಣಗೊಂಡಿದ್ದ ಆ ಸೇತುವೆ 1993ರ ನವೆಂಬರ್ 9ರಂದು ಫಿರಂಗಿ ದಾಳಿಗೆ ಕುಸಿಯಿತು. ಮರುನಿರ್ಮಾಣಗೊಂಡು ತೆರೆದದ್ದು 2004ರಲ್ಲಿ. ನಗರ ಎರಡು ಹೋಳಾಗಿದ್ದ ಕಾಲದಲ್ಲಿ, 1997ರ ಡಿಸೆಂಬರಿನಲ್ಲಿ, ಪೂರ್ವ ಭಾಗದಲ್ಲಿ ಪವರೊಟ್ಟಿ ಸಂಗೀತ ಕೇಂದ್ರ ತೆರೆಯಿತು. ಅದರಲ್ಲಿ ಧ್ವನಿಮುದ್ರಣಾಲಯ ಮತ್ತು ತರಗತಿಗಳ ಜೊತೆಗೆ ಸಂಗೀತ ಚಿಕಿತ್ಸೆಯ ವಿಭಾಗವೂ ಇತ್ತು. ಮುತ್ತಿಗೆಯ ದಿನಗಳಲ್ಲಿಯೇ ಸರಾಯೆವೊದ ಮಕ್ಕಳೊಡನೆ ಸಂಗೀತದ ಕೆಲಸ ಆರಂಭಿಸಿದ್ದ ಬ್ರಿಟಿಷ್ ಸಂಗೀತ ಸಂಯೋಜಕ ನೈಜೆಲ್ ಓಸ್‌ಬೋರ್ನ್ ಅವರ ಅನುಭವ ಈ ಬಗೆಯ ಕೆಲಸಕ್ಕೆ ದಾರಿ ತೋರಿತ್ತು. ದಕ್ಷಿಣ ಆಫ್ರಿಕದ ತಾಳವಾದ್ಯಗಾರ ಯೂಜಿನ್ ಸ್ಕೀಫ್ ಅವರೂ ಕೇಂದ್ರದಲ್ಲಿ ದುಡಿದರು.

ಇಲ್ಲಿ ನಮ್ಮ ಮೂಲ ಪ್ರಶ್ನೆಗೆ ಮರಳಬಹುದು. ಬ್ರಿಟನ್ನಿನಲ್ಲಿ 1950ರ ದಶಕದ ಕೊನೆಯಿಂದ ಪಾಲ್ ನಾರ್ಡಾಫ್ ಮತ್ತು ಕ್ಲೈವ್ ರಾಬಿನ್ಸ್ ರೂಪಿಸಿದ ಚಿಕಿತ್ಸಾ ವಿಧಾನದಲ್ಲಿ ಮಗುವಿಗೆ ಹಾಡು ಕೇಳಿಸುವುದು ಮುಖ್ಯವಲ್ಲ. ಮಗು ಡೋಲು ಬಡಿಯುತ್ತದೆ, ಚೀರುತ್ತದೆ, ಸುಮ್ಮನಿರುತ್ತದೆ. ಚಿಕಿತ್ಸಕನು ಅದನ್ನೇ ಹಿಡಿದು ಆ ಗತಿಯಲ್ಲಿಯೇ ನುಡಿಸುತ್ತ ಜೊತೆಗೂಡುತ್ತಾನೆ. ಅಲ್ಲಿ ಸಿದ್ಧಕೃತಿ ಇಲ್ಲ, ಸಭೆಯಿಲ್ಲ, ಚಪ್ಪಾಳೆಯಿಲ್ಲ. ಅದು ವಾರಗಟ್ಟಲೆ, ತಿಂಗಳುಗಟ್ಟಲೆ ನಡೆಯುವ ಕೆಲಸ. ಸಹಾಯಾರ್ಥ ಗೀತೆ ಇದಕ್ಕೆ ನೇರ ವಿರುದ್ಧ. ಅದು ಒಮ್ಮೆ ಮುಗಿದ ಕೃತಿ, ಎಲ್ಲರಿಗೂ ಒಂದೇ ರೂಪದಲ್ಲಿ ತಲಪುವಂಥದ್ದು, ಖ್ಯಾತ ದನಿಯನ್ನು ಆಧರಿಸಿದ್ದು. ಮೌಖಿಕ ಪರಂಪರೆಯ ಸ್ವಭಾವಕ್ಕೆ ಹತ್ತಿರವಾಗಿರುವುದು ಚಿಕಿತ್ಸೆಯ ಕೋಣೆಯೇ ಹೊರತು ಗೀತೆಯಲ್ಲ. ಬೀಸುಕಲ್ಲಿನ ಮುಂದೆ ಕುಳಿತ ಹೆಣ್ಣುಮಗಳು ತನ್ನ ಬದುಕಿನ ದುಃಖವನ್ನು ಅಂದಂದಿನ ಪದವಾಗಿ ಕಟ್ಟುವಾಗಲೂ ಹಾಡುವವಳೇ ಕೇಳುವವಳು, ಅವಳಿಗೇ ಹಾಡಿನ ಫಲ.

ಗೀತೆ ಕೂಡಿಸಿದ ಹಣಕ್ಕೆ ಇನ್ನೊಂದು ಮಿತಿಯೂ ಇದೆ. ಅದು ಒಮ್ಮೆಲೇ ಬರುತ್ತದೆ ಮತ್ತು ಕಣ್ಣಿಗೆ ಕಾಣುವ ವಸ್ತುವನ್ನು ಬಯಸುತ್ತದೆ. ಕಟ್ಟಡ ಅಂಥ ವಸ್ತು. 2001ರ ಆರಂಭದಲ್ಲಿ ಕೇಂದ್ರದ ನಿರ್ಮಾಣದ ಗುತ್ತಿಗೆಯ ಕುರಿತು ಬ್ರಿಟಿಷ್ ಪತ್ರಿಕೆಗಳಲ್ಲಿ ಭ್ರಷ್ಟಾಚಾರದ ಆರೋಪಗಳು ಬಂದವು. ಪವರೊಟ್ಟಿ, ಈನೊ ಸೇರಿದಂತೆ ಹಲವರು ಸಂಸ್ಥೆಯ ಪೋಷಕತ್ವದಿಂದ ಹಿಂದೆ ಸರಿದರು. ಹೆಸರಿನ ಬಲದಿಂದ ಬಂದ ಬೆಂಬಲ ಹೆಸರಿಗೆ ಕಳಂಕ ತಗುಲುವ ಭಯದಿಂದಲೇ ಹೋಗಬಹುದೆಂಬುದನ್ನು ಇದು ತೋರಿಸಿತು. ಮುಖಾಮುಖಿ ವಿನಿಮಯದಲ್ಲಿ ಕೊಟ್ಟವನು ಹೀಗೆ ಎದ್ದುಹೋಗುವುದು ಸುಲಭವಲ್ಲ.

ಸಮಾರೋಪ

ಈ ವಿವೇಚನೆಯಿಂದ ಸಹಾಯಾರ್ಥ ಗೀತೆಯ ವಿಮರ್ಶೆಗೆ ಮೂರು ಮಾನದಂಡಗಳು ದೊರೆಯುತ್ತವೆ. ನೆರವು ಪಡೆಯುವವರನ್ನು ಅದು ಕರ್ತೃಗಳೆಂದು ಕಂಡಿದೆಯೇ? ಅವರ ದನಿಯನ್ನು ಬಳಸಿದಲ್ಲಿ ಹೆಸರು ಮತ್ತು ಪಾಲು ಸಂದಿದೆಯೇ? ಹಾಡಿನ ಜನಪ್ರಿಯತೆ ಇಳಿದ ಮೇಲೂ ನಡೆಯಬೇಕಾದ ದಿನನಿತ್ಯದ ಕೆಲಸಕ್ಕೆ ಅದು ದಾರಿ ಮಾಡಿದೆಯೇ? ‘ಮಿಸ್ ಸರಾಯೆವೊ’ ಮೊದಲ ಮಾನದಂಡದಲ್ಲಿ ಗೆಲ್ಲುತ್ತದೆ. ಪರರ ದನಿಯನ್ನು ಬಳಸದ ಕಾರಣ ಎರಡನೆಯದಕ್ಕೆ ಒಳಪಡುವುದಿಲ್ಲ. ಮೂರನೆಯದರಲ್ಲಿ ಅದರ ಸಾಧನೆ ಮಿಶ್ರ. 1971ರ ಕಚೇರಿ ತೋರಿಸಿದ್ದ ಕ್ರಮ, ಅಂದರೆ ನೊಂದ ನೆಲದ ನಾದ ಮೊದಲು ಕೇಳಬೇಕೆಂಬುದು, ಇಂದಿಗೂ ಅನುಕರಣೀಯ.

ಕನ್ನಡ ಜಾನಪದಕ್ಕೆ ಇದರಲ್ಲಿ ಒಂದು ಎಚ್ಚರಿಕೆ ಇದೆ. ನಮ್ಮ ಜೋಗುಳಗಳನ್ನೂ ತತ್ವಪದಗಳನ್ನೂ ಪಾಡ್ದನಗಳನ್ನೂ ಧ್ವನಿಮುದ್ರಿಸಿ ಮನಸ್ಸಿಗೆ ಹಿತ ನೀಡುವ ಸಂಗೀತವೆಂದು ಹಂಚುವುದು ತಾಂತ್ರಿಕವಾಗಿ ಈಗ ಬಹಳ ಸುಲಭ. ಹಾಗೆ ಮಾಡುವಾಗ ನಾವು ಹಾಡಿನ ದನಿಯನ್ನು ಮಾತ್ರ ಒಯ್ಯುತ್ತೇವೆ. ಹಾಡುವ ಕ್ರಿಯೆಯಲ್ಲಿದ್ದ ಉಪಶಮನ ಹಾಡಿದವರ ಬಳಿಯೇ ಉಳಿದಿರುತ್ತದೆ. ಅಕಾಡೆಮಿಗಳ ಮತ್ತು ವಿಶ್ವವಿದ್ಯಾಲಯಗಳ ಧ್ವನಿಸಂಗ್ರಹಗಳಲ್ಲಿ ಪ್ರತಿಯೊಂದು ಹಾಡಿನೊಂದಿಗೆ ಹಾಡಿದವರ ಹೆಸರು, ಊರು, ಸಂದರ್ಭ ಮತ್ತು ಬಳಕೆಗೆ ಅವರು ಕೊಟ್ಟ ಒಪ್ಪಿಗೆ ದಾಖಲಾಗಿರಬೇಕು. ಅಷ್ಟಾದರೆ ಮುಂದೆ ಎಂದಾದರೂ ಆ ಹಾಡು ದೂರದ ಯಾವುದೋ ಸತ್ಕಾರ್ಯಕ್ಕೆ ಬಳಕೆಯಾದಾಗ, ಅದನ್ನು ಮೊದಲು ಹಾಡಿದ ತಾಯಿಗೆ ಸಲ್ಲಬೇಕಾದದ್ದು ಸಲ್ಲುವ ಸಾಧ್ಯತೆಯಾದರೂ ಉಳಿಯುತ್ತದೆ.