ಬಂಡೆ ಬಿಟ್ಟು ಬಾಳದ ಪಿಕಳಾರ

ಬೆಟ್ಟದ ಬುಡದ ಪೊದೆಯೊಳಗಿಂದ ಗಳಗಳನೆ ಉಕ್ಕಿ ಥಟ್ಟನೆ ನಿಲ್ಲುವ ಗಟ್ಟಿ ಕೂಗು ಕೇಳಿದರೆ, ಅದು ಬಹುಮಟ್ಟಿಗೆ ಬಿಳಿ ಹುಬ್ಬಿನ ಪಿಕಳಾರ. ದನಿ ದೊಡ್ಡದು, ಹಕ್ಕಿ ಮಾತ್ರ ಸುಲಭಕ್ಕೆ ಕಣ್ಣಿಗೆ ಬೀಳದು. ಮಾಸಲು ಹಸಿರು ಮೈ, ಕಣ್ಣಿನ ಮೇಲೆ ಬಿಳಿ ಗೆರೆ, ಬಾಲದಡಿ ಒಂದಿಷ್ಟು ಹಳದಿ.

ಇನ್ನೂ ಮೇಲಕ್ಕೆ ಹತ್ತಿ. ಗುಂಡುಬಂಡೆಗಳ ನಡುವಿನ ಕೊರಕಲಲ್ಲಿ ಮರಬಳ್ಳಿ ಬೆಳೆದಲ್ಲಿ ಸುಮ್ಮನೆ ಕಾಯಿರಿ. ತಲೆ, ಕೊರಳಿಗೆ ಅರಿಶಿನ ಬಳಿದಂಥ, ಬೂದು ಎದೆಯ ಹಕ್ಕಿ ಕಂಡರೆ ಅದೇ ಹಳದಿ ಕೊರಳಿನ ಪಿಕಳಾರ. ನಮ್ಮ ಬಯಲುಸೀಮೆಯ ಹಕ್ಕಿಗಳಲ್ಲಿ ನನಗೆ ಇದಕ್ಕಿಂತ ಪ್ರಿಯವಾದದ್ದಿಲ್ಲ.

ಎರಡೂ ಒಂದೇ ಕುಲದವು. ಉದ್ದ ಸುಮಾರು 20 ಸೆಂ.ಮೀ. ಹಣ್ಣು, ಹುಳುಹುಪ್ಪಟೆ ಇಬ್ಬರಿಗೂ ಊಟ. ಮೊದಲನೆಯದನ್ನು 1841ರಲ್ಲಿ ಲೆಸ್ಸನ್, ಎರಡನೆಯದನ್ನು 1845ರಲ್ಲಿ ಜರ್ಡನ್ ವಿಜ್ಞಾನಕ್ಕೆ ಪರಿಚಯಿಸಿದರು. ಆದರೆ ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಬಿಳಿ ಹುಬ್ಬಿನದಕ್ಕೆ ಸದ್ಯ ಆತಂಕವಿಲ್ಲ, ಹಳದಿ ಕೊರಳಿನದು ಅಪಾಯದಂಚಿನಲ್ಲಿದೆ.

ಕಾರಣ ಕಲ್ಲು. ಬಿಳಿ ಹುಬ್ಬಿನದು ಶ್ರೀಲಂಕಾದವರೆಗೂ ಹರಡಿದೆ; ಕುರುಚಲು ಕಾಡು, ಬೇಲಿ, ತೋಟ, ಎಲ್ಲಿ ಪೊದೆಯಿದ್ದರೂ ಅದಕ್ಕೆ ಸಾಕು. ಹಳದಿ ಕೊರಳಿನದಕ್ಕೆ ದಕ್ಷಿಣ ಭಾರತದ ಒಣ ಕಲ್ಲುಬೆಟ್ಟಗಳೇ ಬೇಕು. ಜಗತ್ತಿನ ಬೇರೆಲ್ಲೂ ಅದಿಲ್ಲ. ಈ ಬೆಟ್ಟಗಳೋ, ಹೊಲ, ಊರುಗಳ ನಡುವೆ ಬಿಡಿಬಿಡಿಯಾಗಿ ಎದ್ದು ನಿಂತವು. ಒಂದನ್ನು ಕ್ವಾರಿ ನುಂಗಿದರೆ ಅಲ್ಲಿನ ಹಕ್ಕಿಗೆ ಪಕ್ಕದಲ್ಲಿ ಮತ್ತೊಂದು ಸಿಗುವ ಭರವಸೆಯಿಲ್ಲ. ಕಡಿದ ಪೊದೆ ನಾಲ್ಕು ಮಳೆಗೆ ಚಿಗುರೀತು, ಒಡೆದ ಗ್ರಾನೈಟ್ ಚಿಗುರುವುದಿಲ್ಲ. ಬೇಸಿಗೆಯ ಬೆಂಕಿ, ಸೌದೆ ಕಡಿತಗಳೂ ಇವೆ. ಆದರೂ ನನಗೆ ದೊಡ್ಡ ಭಯ ಸಿಡಿಮದ್ದಿನದೇ.

ನಂದಿ, ದೇವರಾಯನದುರ್ಗ, ಸಾವನದುರ್ಗಗಳಲ್ಲಿ ಈ ಹಕ್ಕಿ ಇದೆ ಎಂದು ನಾವು ನೆಮ್ಮದಿಯಿಂದಿದ್ದೇವೆ. ಕೋಟೆ, ಗುಡಿ, ಮೀಸಲು ಕಾಡು ಎಂಬ ಹೆಸರಿರುವ ಬೆಟ್ಟಕ್ಕೆ ಅಷ್ಟಾದರೂ ಕಾವಲಿದೆ. ಹೆಸರೇ ಇಲ್ಲದ ಗುಡ್ಡಗಳ ಗತಿಯೇನು? ಅವು ಸರ್ಕಾರಿ ಕಡತದಲ್ಲಿ ಬರೀ ಬಂಜರು. ಅಲ್ಲಿ ಹಕ್ಕಿಯಿದೆ ಎಂಬ ದಾಖಲೆಯಿಲ್ಲದಿದ್ದರೆ ಕ್ವಾರಿ ಪರವಾನಗಿಯ ಹೊತ್ತಿಗೆ ಆಕ್ಷೇಪ ಎತ್ತುವುದೂ ಕಷ್ಟ.

ಆದ್ದರಿಂದ ಓದುಗರಲ್ಲಿ ಒಂದು ಕೋರಿಕೆ. ಮುಂದಿನ ಭಾನುವಾರ ನಂದಿಯ ಬದಲು ನಿಮ್ಮದೇ ತಾಲ್ಲೂಕಿನ ಯಾವುದಾದರೂ ಕಲ್ಲುಗುಡ್ಡಕ್ಕೆ ಬೆಳಕು ಹರಿಯುವ ಮುನ್ನ ಹೋಗಿ. ಕಂಡದ್ದನ್ನು ಜಾಗ, ದಿನಾಂಕ ಸಮೇತ ಹಕ್ಕಿ ದಾಖಲೆಗಳ ಜಾಲತಾಣ ಇ-ಬರ್ಡ್‌ನಲ್ಲಿ ದಾಖಲಿಸಿ. ಮೊಬೈಲಿನಲ್ಲಿ ಹಕ್ಕಿಯದೇ ಕೂಗು ಹಾಕಿ ಕರೆಯಬೇಡಿ. ಮರಿ ಸಾಕುವ ಹೊತ್ತಿನಲ್ಲಿ ಅದು ಗೂಡು ಬಿಟ್ಟು ಇಲ್ಲದ ಎದುರಾಳಿಯನ್ನು ಹುಡುಕುತ್ತಾ ಅಲೆಯುತ್ತದೆ.