ಒಂದು ಸಂಗತಿ, ಒಂದೇ ನೆಲೆ

2014ರ ನವೆಂಬರ್ 1ರಂದು ಇಂಗ್ಲಿಷಿನ ‘ಬೆಲ್ಗಾಮ್’ ಅಧಿಕೃತವಾಗಿ ‘ಬೆಳಗಾವಿ’ ಆಯಿತು. ಅದಾಗಿ ಕೆಲವೇ ವರ್ಷಗಳಲ್ಲಿ ಅದೇ ಜಿಲ್ಲೆಯ ಗೋಕಾಕ ತಾಲ್ಲೂಕು ಒಡೆದು ಮೂಡಲಗಿ ಬೇರೆಯಾಯಿತು. ಈ ಸೀಮೆಯ ಊರುಗಳ ಬಗ್ಗೆ ಯಾರಾದರೂ ಇನ್ನೂರು ಪುಟದ ವೆಬ್‌ಸೈಟ್ ಕಟ್ಟಿ, ಜಿಲ್ಲೆ-ತಾಲ್ಲೂಕಿನ ಹೆಸರನ್ನು ಪುಟಪುಟದಲ್ಲೂ ಕಾಪಿ-ಪೇಸ್ಟ್ ಮಾಡಿಟ್ಟಿದ್ದರೆ? ತಿದ್ದುವ ಶ್ರಮವನ್ನಾದರೂ ತಡೆದುಕೊಳ್ಳಬಹುದು. ಆದರೆ ಎಲ್ಲೋ ನಾಲ್ಕು ಪುಟಗಳಲ್ಲಿ ಹಳೆಯ ಹೆಸರು ಉಳಿದೇ ಉಳಿಯುತ್ತದೆ. ಆಗ ಓದುಗ ಯಾವ ಪುಟವನ್ನು ನಂಬಬೇಕು?

ಪ್ರೋಗ್ರಾಮರ್‌ಗಳಾದ ಆಂಡಿ ಹಂಟ್ ಮತ್ತು ಡೇವ್ ಥಾಮಸ್ 1999ರಲ್ಲಿ ‘ದಿ ಪ್ರಾಗ್ಮ್ಯಾಟಿಕ್ ಪ್ರೋಗ್ರಾಮರ್’ ಪುಸ್ತಕದಲ್ಲಿ ಇದಕ್ಕೊಂದು ಸೂತ್ರ ಕೊಟ್ಟರು. ಒಂದು ಸಂಗತಿಗೆ ಇಡೀ ವ್ಯವಸ್ಥೆಯಲ್ಲಿ ಒಂದೇ ನೆಲೆ ಇರಬೇಕು; ಬೇಕಾದವರೆಲ್ಲ ಅಲ್ಲಿಂದಲೇ ಪಡೆಯಬೇಕು. ಕನ್ನಡ ವಿಕಿಪೀಡಿಯ ತೆರೆದು ನೋಡಿ. ಲೇಖನದ ಬದಿಯಲ್ಲಿ ಕಾಣುವ ಮಾಹಿತಿ ಚೌಕದ ವಿನ್ಯಾಸ ಆ ಲೇಖನದಲ್ಲಿ ಇರುವುದೇ ಇಲ್ಲ, ‘ಟೆಂಪ್ಲೇಟು’ ಎಂಬ ಬೇರೆ ಪುಟದಲ್ಲಿದೆ. ಅಲ್ಲಿ ಒಮ್ಮೆ ತಿದ್ದಿದರೆ ಅದನ್ನು ಬಳಸಿದ ಲೇಖನಗಳೆಲ್ಲ ತಾವಾಗಿ ಬದಲಾಗುತ್ತವೆ. ಸಣ್ಣ ತಾಣಕ್ಕೂ ದಾರಿ ಇದೇ. ಹೆಡರ್, ಫುಟರ್‌ಗಳನ್ನು ಒಂದೊಂದೇ ಫೈಲಿನಲ್ಲಿಟ್ಟು ಪಿಎಚ್‌ಪಿಯ ಇನ್‌ಕ್ಲೂಡ್‌ನಿಂದ ಕರೆಸಿ. ಬಣ್ಣಗಳನ್ನು ಸಿಎಸ್‌ಎಸ್ ವೇರಿಯಬಲ್‌ಗಳಲ್ಲಿಡಿ. ಯಾವ ಊರು ಯಾವ ತಾಲ್ಲೂಕಿಗೆ ಎಂಬುದನ್ನು ಒಂದೇ ಪಟ್ಟಿಗೆ ಬಿಡಿ.

ಆದರೆ ಒಂದೇ ಥರ ಕಂಡದ್ದೆಲ್ಲ ಪುನರಾವರ್ತನೆಯಲ್ಲ. ಹುಕ್ಕೇರಿ ತಾಲ್ಲೂಕಿನ ಬೆಲ್ಲದ ಬಾಗೇವಾಡಿ, ಬೆಳಗಾವಿ ತಾಲ್ಲೂಕಿನ ಹಿರೇಬಾಗೇವಾಡಿ, ವಿಜಯಪುರ ಜಿಲ್ಲೆಯ ಬಸವನ ಬಾಗೇವಾಡಿ: ಹೆಸರು ಹೋಲುತ್ತದೆಂದು ಇವನ್ನು ಒಂದೇ ಊರೆಂದು ಬರೆಯುವವರುಂಟೆ? ಕೋಡ್‌ನಲ್ಲಿ ಮಾತ್ರ ಈ ತಪ್ಪು ದಿನವೂ ನಡೆಯುತ್ತದೆ. ಊರಿನ ಪುಟವೂ ಸಕ್ಕರೆ ಕಾರ್ಖಾನೆಯ ಪುಟವೂ ಇಂದು ಒಂದೇ ರೀತಿ ಕಾಣುತ್ತವೆಂದು ಎರಡಕ್ಕೂ ಒಂದೇ ಫಂಕ್ಷನ್ ಬರೆಯುತ್ತಾರೆ. ನಾಳೆ ಒಂದಕ್ಕೆ ಜನಸಂಖ್ಯೆ ಬೇಕು, ಇನ್ನೊಂದಕ್ಕೆ ಕಬ್ಬು ನುರಿಸುವ ಸಾಮರ್ಥ್ಯ. ‘ಇದಾದರೆ ಹೀಗೆ, ಅದಾದರೆ ಹಾಗೆ’ ಎಂಬ ಷರತ್ತುಗಳು ಬೆಳೆದು, ಕೊನೆಗೆ ಆ ಫಂಕ್ಷನ್ ಮುಟ್ಟಲು ಬರೆದವರೇ ಅಂಜುತ್ತಾರೆ. ತಪ್ಪಾಗಿ ಬೆಸೆದದ್ದಕ್ಕಿಂತ ಎರಡು ಸಲ ಬರೆದದ್ದೇ ಅಗ್ಗ ಎಂದು ರೂಬಿ ಭಾಷೆಯ ಪರಿಣತೆ ಸ್ಯಾಂಡಿ ಮೆಟ್ಜ್ ಹೇಳುವುದು ಇದಕ್ಕೇ. ಮೂರನೆಯ ಸಲ ಬರೆಯಬೇಕಾಗಿ ಬಂದಾಗ ಒಂದುಗೂಡಿಸಿ ಎಂಬ ಹಳೆಯ ರೂಢಿಯ ಹಿಂದಿರುವುದೂ ಇದೇ ವಿವೇಕ. ಅಷ್ಟು ಹೊತ್ತಿಗೆ ಯಾವುದು ನಿಜಕ್ಕೂ ಒಂದೇ, ಯಾವುದು ಬರೀ ಹೋಲಿಕೆ ಎಂಬುದು ತಿಳಿದಿರುತ್ತದೆ.

ಎರಡು ತುಣುಕುಗಳನ್ನು ಕೂಡಿಸುವ ಮುನ್ನ ಕೇಳಿಕೊಳ್ಳಿ: ಇದು ಬದಲಾದರೆ ಅದೂ ಬದಲಾಗಲೇಬೇಕೆ? ಹೌದಾದರೆ ಇಂದೇ ಕೂಡಿಸಿ. ಅಲ್ಲವಾದರೆ ಎರಡನ್ನೂ ಅವುಗಳ ಪಾಡಿಗೆ ಬೆಳೆಯಲು ಬಿಡಿ.