ಮೂವತ್ತಾರು ಸಾವಿರ ಕಿಲೋಮೀಟರ್ ಬಂದ ಪಾಠ ಹಿಂದಿನ ಬೆಂಚನ್ನು ತಲುಪಿತೇ?

ಹಾವೇರಿ ಜಿಲ್ಲೆಯ ಮಾಸೂರಿನ ಬಳಿ ಮದಗದ ಕೆರೆಯ ಏರಿಯ ಮೇಲೆ ನಿಂತು ದಕ್ಷಿಣಕ್ಕೆ ಮುಖ ಮಾಡಿ. ದಿಗಂತದಿಂದ 73 ಡಿಗ್ರಿ ಎತ್ತರಕ್ಕೆ ಕತ್ತೆತ್ತಿ, ಐದಾರು ಡಿಗ್ರಿಯಷ್ಟು ಪಶ್ಚಿಮಕ್ಕೆ ಹೊರಳಿ. ಎಜುಸ್ಯಾಟ್ ಉಪಗ್ರಹ ಇದ್ದದ್ದು ಅಲ್ಲಿ. ಲೆಕ್ಕ ಕಠಿಣವಲ್ಲ. ಮಾಸೂರು ಸುಮಾರು 14.4 ಡಿಗ್ರಿ ಉತ್ತರ ಅಕ್ಷಾಂಶ, 75.4 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಉಪಗ್ರಹವು ಸಮಭಾಜಕ ವೃತ್ತದ ನೇರಕ್ಕೆ 74 ಡಿಗ್ರಿ ಪೂರ್ವದಲ್ಲಿತ್ತು. ತ್ರಿಕೋನಮಿತಿ ಕಲಿತ ಪಿಯುಸಿ ವಿದ್ಯಾರ್ಥಿ ಇದನ್ನು ತಾನೇ ಬಿಡಿಸಬಲ್ಲ. ದೆಹಲಿಯವರಿಗಿಂತ ನಮಗೇ ಅದು ನೆತ್ತಿಗೆ ಹತ್ತಿರವಿತ್ತು.

ಶಿಕ್ಷಣಕ್ಕೆಂದೇ ಮೀಸಲಾದ ಈ 1950 ಕಿಲೋಗ್ರಾಂ ತೂಕದ ಉಪಗ್ರಹವನ್ನು 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟಾದಿಂದ ಜಿಎಸ್ಎಲ್‌ವಿ ರಾಕೆಟ್ ಮೇಲೇರಿಸಿತು. ಅದಕ್ಕೂ ಮೊದಲೇ ಇನ್ಸಾಟ್-3ಬಿ ಮೂಲಕ ಪ್ರಾಯೋಗಿಕ ಹಂತ ಶುರುವಾಗಿತ್ತು. ಅದಕ್ಕೆ ಆರಿಸಿಕೊಂಡ ವಿಶ್ವವಿದ್ಯಾಲಯಗಳಲ್ಲಿ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಒಂದು. ಒಂದು ಸ್ಟುಡಿಯೋದಲ್ಲಿ ಅಧ್ಯಾಪಕರು ಪಾಠ ಮಾಡುತ್ತಾರೆ; ರಾಜ್ಯದ ನಾನಾ ಮೂಲೆಗಳ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಪರದೆಯ ಮುಂದೆ ಕುಳಿತು ಕೇಳುತ್ತಾರೆ. ಉದ್ದೇಶ ದೊಡ್ಡದು, ಅದನ್ನು ಹಗುರವಾಗಿ ನೋಡುವುದು ಸಲ್ಲದು. ನುರಿತ ಅಧ್ಯಾಪಕರಿಲ್ಲದ ಕಾಲೇಜಿನ ಹುಡುಗಿಯೊಬ್ಬಳಿಗೆ ಆ ವಿಷಯದ ಹಿರಿಯ ತಜ್ಞರ ಮಾತು ಕೇಳುವ ಅವಕಾಶ ಬೇರೆ ಎಲ್ಲಿತ್ತು?

ಆದರೆ ಆ ಮಾತು ಅವಳಿಗೆ ನಿಜವಾಗಿ ಕೇಳಿಸಿತೇ?

ಅಂತಹ ಒಂದು ಪಾಠವನ್ನು ನಾನು ಒಂದು ಕಾಲೇಜಿನ ಕೊನೆಯ ಬೆಂಚಿನಲ್ಲಿ ಕುಳಿತು ನೋಡಿದ್ದೇನೆ. ಚಿತ್ರ ಸ್ಫಟಿಕದಷ್ಟು ಸ್ಪಷ್ಟವಾಗಿತ್ತು. ಮಾತು ಮಾತ್ರ ಹಂಡೆಯೊಳಗಿಂದ ಬಂದಂತಿತ್ತು. ನನ್ನ ಪಕ್ಕದ ಇಬ್ಬರು ಹತ್ತು ನಿಮಿಷ ಪ್ರಯತ್ನಿಸಿ, ಆಮೇಲೆ ಟಿಪ್ಪಣಿ ಪುಸ್ತಕ ಮುಚ್ಚಿದರು. ಉಪಗ್ರಹ ತನ್ನ ಕೆಲಸವನ್ನು ಮಾಡಿತ್ತು. ಸೋತದ್ದು ಕಡೆಯ ಹತ್ತು ಮೀಟರಿನಲ್ಲಿ.

ಏಕೆಂದು ನೋಡೋಣ. 10 ಮೀಟರ್ ಉದ್ದ, 8 ಮೀಟರ್ ಅಗಲ, 4 ಮೀಟರ್ ಎತ್ತರದ ಕೊಠಡಿಯನ್ನು ತೆಗೆದುಕೊಳ್ಳಿ. ಅದರ ಗಾತ್ರ 320 ಘನಮೀಟರ್. ಗೋಡೆ, ನೆಲ, ಚಾವಣಿ ಸೇರಿ ಮೇಲ್ಮೈ 304 ಚದರ ಮೀಟರ್. ಗಾರೆ ಮಾಡಿದ ಗಟ್ಟಿ ಗೋಡೆ ತನ್ನ ಮೇಲೆ ಬಿದ್ದ ಧ್ವನಿಯಲ್ಲಿ ನೂರಕ್ಕೆ ಮೂರು ಪಾಲನ್ನು ಹೀರಿದರೆ ಹೆಚ್ಚು. ಸಬೀನ್ ಸೂತ್ರದಂತೆ (ಗಾತ್ರವನ್ನು 0.161ರಿಂದ ಗುಣಿಸಿ, ಒಟ್ಟು ಹೀರಿಕೆಯಿಂದ ಭಾಗಿಸಬೇಕು) ಖಾಲಿ ಕೊಠಡಿಯ ಅನುರಣನ ಕಾಲ ಐದೂವರೆ ಸೆಕೆಂಡು ದಾಟುತ್ತದೆ. ಅರುವತ್ತು ಮಂದಿ ಒಳಗೆ ಕುಳಿತರೆ ಅವರ ಬಟ್ಟೆ, ಮೈ ಧ್ವನಿಯನ್ನು ಹೀರಿ ಅದು ಸುಮಾರು ಒಂದೂವರೆ ಸೆಕೆಂಡಿಗೆ ಇಳಿಯುತ್ತದೆ. ಆಡಿದ ಮಾತು ಸ್ಪಷ್ಟವಾಗಿ ತಿಳಿಯಲು ಮುಕ್ಕಾಲು ಸೆಕೆಂಡಿನ ಆಸುಪಾಸು ಇರಬೇಕು. ಎದುರಿಗೆ ನಿಂತ ಮೇಷ್ಟರು ಇದನ್ನು ಅರಿಯದೆಯೇ ಸರಿಪಡಿಸಿಕೊಳ್ಳುತ್ತಾರೆ: ನಿಧಾನಿಸುತ್ತಾರೆ, ಹಿಂದಿನ ಸಾಲಿನ ಮುಖ ನೋಡಿ ಮತ್ತೊಮ್ಮೆ ಹೇಳುತ್ತಾರೆ. ಸ್ಟುಡಿಯೋದಲ್ಲಿರುವವರಿಗೆ ಆ ಮುಖಗಳು ಕಾಣುವುದಿಲ್ಲ. ಹಿಂಗೋಡೆಗೆ ನಾರಿನ ಚಾಪೆಯನ್ನೋ ಗೋಣಿತಟ್ಟನ್ನೋ ಹೊಡೆಸಿದ್ದರೆ, ಧ್ವನಿವರ್ಧಕವನ್ನು ಒಂದೇ ಕಡೆ ಇಡದೆ ನಾಲ್ಕು ಚಿಕ್ಕವನ್ನು ಸಾಲಿಗೊಂದರಂತೆ ಇಟ್ಟಿದ್ದರೆ, ಬಹಳಷ್ಟು ಸರಿಹೋಗುತ್ತಿತ್ತು. ಯೋಜನೆಯಲ್ಲಿ ಡಿಶ್ ಆಂಟೆನಾಕ್ಕೆ ಜಾಗವಿರುತ್ತದೆ, ಚಾಪೆಗೆ ಇರುವುದಿಲ್ಲ.

ಸಂವಾದದ ಮಾತೂ ಇದೆ. ಎಜುಸ್ಯಾಟ್ ಜಾಲದಲ್ಲಿ ಎರಡು ಬಗೆಯ ಕೇಂದ್ರಗಳಿದ್ದವು: ಬರೀ ಸ್ವೀಕರಿಸುವವು, ತಿರುಗಿ ಪ್ರಶ್ನೆ ಕೇಳಬಲ್ಲವು. ಉಪಗ್ರಹಕ್ಕೆ ಏರಿ ಇಳಿಯುವ ದಾರಿ ಸುಮಾರು 72,000 ಕಿ.ಮೀ.; ಬೆಳಕಿನ ವೇಗದಲ್ಲಿಯೂ ಅದಕ್ಕೆ ಕಾಲು ಸೆಕೆಂಡು ಬೇಕು. ‘ತಿಳಿಯಿತೇ?’ ಎಂದು ಕೇಳಿದ ಅಧ್ಯಾಪಕರಿಗೆ ಉತ್ತರ ಸಿಗಲು ಕನಿಷ್ಠ ಅರ್ಧ ಸೆಕೆಂಡು, ಸಂಕೇತಗಳ ಸಂಸ್ಕರಣೆ ಸೇರಿದರೆ ಇನ್ನೂ ಹೆಚ್ಚು. ಅಷ್ಟರ ಮೌನವನ್ನು ‘ತಿಳಿದಿದೆ’ ಎಂದು ಭಾವಿಸಿ ಮುಂದಿನ ಸ್ಲೈಡಿಗೆ ಹೋಗುವುದು ಎಷ್ಟು ಸುಲಭವೆಂದು ನೀವೇ ಊಹಿಸಿ. ಇದಕ್ಕೆ ಬೇಕಾದದ್ದು ಹೊಸ ಯಂತ್ರವಲ್ಲ. ಪ್ರತಿ ಕಾಲೇಜಿನಲ್ಲೂ ಪಾಠದ ವೇಳೆ ಒಬ್ಬ ಅಧ್ಯಾಪಕ ಕೊಠಡಿಯೊಳಗೇ ಇದ್ದು, ವಿದ್ಯಾರ್ಥಿಗಳ ಪ್ರಶ್ನೆಗಳನ್ನು ಒಟ್ಟುಮಾಡಿ ಕೇಳುವ ಏರ್ಪಾಡು ಸಾಕು.

ಇನ್ನು ಡಿಶ್. 1.2 ಮೀಟರ್ ವ್ಯಾಸದ ತಟ್ಟೆ 11 ಗಿಗಾಹರ್ಟ್ಸ್ ಆವೃತ್ತಿಯಲ್ಲಿ, ಅಂದರೆ ಸುಮಾರು 2.7 ಸೆಂಟಿಮೀಟರ್ ತರಂಗದೂರದಲ್ಲಿ, ನೋಡುವ ಕಿಂಡಿಯ ಅಗಲ ಒಂದೂವರೆ ಡಿಗ್ರಿ ಮಾತ್ರ. ಮಂಗವೊಂದು ಅದರ ಮೇಲೆ ಜೋತುಬಿದ್ದರೂ ಸಂಕೇತ ತಪ್ಪಬಹುದು. ಕೆಯು ಪಟ್ಟಿಯ ತರಂಗಗಳನ್ನು ಜಡಿಮಳೆಯ ಹನಿಗಳು ಹೀರುತ್ತವೆ, ಚದುರಿಸುತ್ತವೆ. ಹಿರೇಕೆರೂರು, ಹಾನಗಲ್ ಮಲೆನಾಡಿನ ಸೆರಗು. ಶೈಕ್ಷಣಿಕ ವರ್ಷದ ಮೊದಲ ತಿಂಗಳುಗಳೇ ಇಲ್ಲಿ ಮಳೆಯ ತಿಂಗಳುಗಳು. ವೇಳಾಪಟ್ಟಿ ತಯಾರಿಸುವವರು ಪಂಚಾಂಗ ನೋಡದಿದ್ದರೂ ಆಗಸವನ್ನಾದರೂ ನೋಡಬೇಡವೇ? ತಪ್ಪಿದ ಪಾಠದ ಮುದ್ರಿತ ಪ್ರತಿ ಅದೇ ವಾರ ಕಾಲೇಜಿಗೆ ತಲುಪುವ ವ್ಯವಸ್ಥೆ ಇಲ್ಲದಿದ್ದರೆ, ನೇರ ಪ್ರಸಾರದ ಹೆಮ್ಮೆಗೆ ಅರ್ಥವಿಲ್ಲ.

2010ರ ಸೆಪ್ಟೆಂಬರಿನಲ್ಲಿ, ಏಳು ವರ್ಷದ ನಿಗದಿತ ಆಯುಸ್ಸು ಮುಗಿಯಲು ಇನ್ನೂ ಒಂದು ವರ್ಷವಿರುವಾಗ, ಎಜುಸ್ಯಾಟನ್ನು ಕಕ್ಷೆಯಿಂದ ಹೊರಸರಿಸಲಾಯಿತು. ಜಾಲಗಳನ್ನು ಬೇರೆ ಉಪಗ್ರಹಗಳಿಗೆ ವರ್ಗಾಯಿಸಬೇಕಾಯಿತು. ಕಾಗದದ ಮೇಲೆ ಅದು ಒಂದು ಸಾಲು. ನೆಲದ ಮೇಲೆ? ಉದಾಹರಣೆಗೆ 83 ಡಿಗ್ರಿ ಪೂರ್ವದಲ್ಲಿರುವ ಉಪಗ್ರಹಕ್ಕೆ ಬದಲಾಯಿಸಬೇಕಾದರೆ ಮಾಸೂರಿನ ತಟ್ಟೆಯನ್ನು ಅಡ್ಡಕ್ಕೆ ಸುಮಾರು 34 ಡಿಗ್ರಿ ತಿರುಗಿಸಬೇಕು. ಆ ಸ್ಪ್ಯಾನರ್ ಹಿಡಿಯುವವರು ಯಾರು? ನನ್ನ ಮುಖ್ಯ ಆಕ್ಷೇಪ ಇರುವುದು ಇಲ್ಲಿ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ದೃಕ್-ಶ್ರವಣ ಯೋಜನೆಯ ಸಂಯೋಜಕ ಎಂಬುದು ಹೆಚ್ಚಾಗಿ ಬೇರೆ ಕೆಲಸವಿರುವ ಅಧ್ಯಾಪಕರ ಹೆಗಲಿಗೇರಿಸಿದ ‘ಹೆಚ್ಚುವರಿ ಪ್ರಭಾರ’. ಸ್ಟುಡಿಯೋ ಒಬ್ಬರದು, ಡಿಶ್ ಇನ್ನೊಬ್ಬರದು, ವೇಳಾಪಟ್ಟಿ ಪ್ರಾಂಶುಪಾಲರದು, ಬ್ಯಾಟರಿ ಗುತ್ತಿಗೆದಾರನದು. ಕೊಠಡಿಯಲ್ಲಿ ಕೇಳಿಸುತ್ತಿದೆಯೇ ಎಂಬುದು ಯಾರದೂ ಅಲ್ಲ.

ಹಿಂದೆ ಇದನ್ನು ಚೆನ್ನಾಗಿ ಮಾಡಿದ್ದುಂಟು. 1975ರ ಆಗಸ್ಟಿನಿಂದ ಒಂದು ವರ್ಷ ನಡೆದ ಸೈಟ್ ಪ್ರಯೋಗದಲ್ಲಿ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ 2400 ಹಳ್ಳಿಗಳಿಗೆ ಕಾರ್ಯಕ್ರಮ ಬಂತು. ಕರ್ನಾಟಕದಲ್ಲಿ ಗುಲಬರ್ಗಾ, ಬಿಜಾಪುರ, ರಾಯಚೂರು ಜಿಲ್ಲೆಗಳು ಅದರಲ್ಲಿದ್ದವು, ಕಾರ್ಯಕ್ರಮಗಳು ಕನ್ನಡದಲ್ಲಿದ್ದವು. ಆಂಟೆನಾ ಕೋಳಿಗೂಡಿನ ತಂತಿಬಲೆಯದು! ಆದರೆ ಕೆಟ್ಟ ಟಿ.ವಿ.ಯನ್ನು ರಿಪೇರಿ ಮಾಡುವ ವ್ಯವಸ್ಥೆ ಮೊದಲಿನಿಂದಲೇ ಯೋಜನೆಯ ಅಂಗವಾಗಿತ್ತು. ಜನ ಏನು ನೋಡಿದರು, ಏನು ಅರ್ಥಮಾಡಿಕೊಂಡರು ಎಂದು ತಿಳಿಯಲು ಸಮಾಜವಿಜ್ಞಾನಿಗಳು ಹಳ್ಳಿಗಳಲ್ಲಿಯೇ ಉಳಿದು ಅಧ್ಯಯನ ಮಾಡಿದರು. ಯುಜಿಸಿ 1984ರ ಆಗಸ್ಟ್ 15ರಂದು ದೂರದರ್ಶನದಲ್ಲಿ ಆರಂಭಿಸಿದ ದೇಶವ್ಯಾಪಿ ತರಗತಿಯಲ್ಲಾಗಲಿ, ಆಮೇಲಿನ ಯೋಜನೆಗಳಲ್ಲಾಗಲಿ ಆ ಕಡೆಯ ಕೊಂಡಿಗೆ ಅಷ್ಟು ಗಮನ ಸಿಕ್ಕಿದ್ದು ನನಗೆ ಕಂಡಿಲ್ಲ.

ಪಾಠಗಳ ಗುಣದ ಬಗ್ಗೆಯೂ ಒಂದು ಮಾತು. ಕ್ಯಾಮರಾ ಇರುವುದು ತರಗತಿಯಲ್ಲಿ ತೋರಿಸಲಾಗದ್ದನ್ನು ತೋರಿಸಲು. ನಳಿಕೆಯಲ್ಲಿ ಹರಿಯುವ ನೀರಿಗೆ ಬಣ್ಣದ ಎಳೆ ಬಿಟ್ಟು, ವೇಗ ಹೆಚ್ಚಿದಂತೆ ಅದು ಕದಡುವುದನ್ನು ಹತ್ತಿರದಿಂದ ತೋರಿಸಿದರೆ ಎರಡು ನಿಮಿಷದಲ್ಲಿ ರೆನಾಲ್ಡ್ಸ್ ಸಂಖ್ಯೆ ಮನಸ್ಸಿಗೆ ಇಳಿಯುತ್ತದೆ. ನಾನು ನೋಡಿದ ಪಾಠದಲ್ಲಿ ಐವತ್ತು ನಿಮಿಷ ಒಂದೇ ಮುಖ, ಒಂದೇ ಸ್ಲೈಡ್, ಅದರಲ್ಲಿದ್ದುದನ್ನೇ ಇಂಗ್ಲಿಷಿನಲ್ಲಿ ಓದುವುದು. 2017ರಲ್ಲಿ ಸ್ವಯಂ ಮತ್ತು ಸ್ವಯಂಪ್ರಭಾ ಬಂದ ಮೇಲೆ ಪಾಠಗಳ ಸಂಖ್ಯೆ ಬೆಳೆದಿದೆ, ಬೇಕಾದಾಗ ನಿಲ್ಲಿಸಿ ನೋಡುವ ಅನುಕೂಲವೂ ಬಂದಿದೆ. ಅಷ್ಟರಿಂದಲೇ ಓದುವ ಚಟ ಹೋದಂತಾಗಲಿಲ್ಲ.

ನಿಮ್ಮ ಶಾಲೆ, ಕಾಲೇಜಿನಲ್ಲಿ ‘ಸ್ಮಾರ್ಟ್’ ಕೊಠಡಿ ಇದ್ದರೆ ಈ ವಾರವೇ ಒಂದು ಪರೀಕ್ಷೆ ಮಾಡಿ. ಹಾಲು, ಪಾಲು, ಸಾಲು, ಕಾಲು, ಹಾಕು, ಸಾಕು ಎಂಬಂತಹ, ಒಂದೇ ಅಕ್ಷರದಿಂದ ಬೇರೆಯಾಗುವ ಇಪ್ಪತ್ತೈದು ಪದಗಳನ್ನು ಕ್ರಮ ಕಲಸಿ ಧ್ವನಿಮುದ್ರಿಸಿ, ಕೊಠಡಿಯ ಧ್ವನಿವರ್ಧಕದಲ್ಲಿ ಕೇಳಿಸಿ. ಕೊನೆಯ ಬೆಂಚಿನ ಮಕ್ಕಳು ಕೇಳಿದಂತೆ ಬರೆಯಲಿ. ಇಪ್ಪತ್ತಕ್ಕಿಂತ ಕಡಿಮೆ ಸರಿ ಬಂದರೆ, ಹೊಸ ಪರದೆ ಕೊಳ್ಳುವ ಪ್ರಸ್ತಾವನೆಯನ್ನು ಪಕ್ಕಕ್ಕಿಟ್ಟು ಮೊದಲು ಚಾಪೆ ತನ್ನಿ.